ನಿಯಂತ್ರಣ ವ್ಯವಸ್ಥೆಗೆ ಪ್ರತ್ಯೇಕ ಕಾವಲು ಅಗತ್ಯ

ಬಾಯ್ಲರ್, ಕಂಪ್ರೆಸರ್, ಪಂಪುಗಳನ್ನು ಇಂದು ಸಣ್ಣ ಕಾರ್ಖಾನೆಗಳಲ್ಲಿಯೂ ಪಿ.ಎಲ್.ಸಿ. ಎಂಬ ನಿಯಂತ್ರಕಗಳೇ ನಡೆಸುತ್ತಿವೆ. ದುರಸ್ತಿಯ ಅನುಕೂಲಕ್ಕೆಂದು ಅನೇಕರು ಇವುಗಳಿಗೆ ಅಂತರಜಾಲ ಸಂಪರ್ಕವನ್ನೂ ಕೊಟ್ಟಿದ್ದಾರೆ. ಆದರೆ ಈ ಸಾಧನಗಳ ನಡುವಣ ಸಂವಹನಕ್ಕೆ ವ್ಯಾಪಕವಾಗಿ ಬಳಕೆಯಲ್ಲಿರುವ ಮಾಡ್‌ಬಸ್ ವಿಧಾನವು 1979ರಲ್ಲಿ ರೂಪುಗೊಂಡದ್ದು. ಆಜ್ಞೆ ಕಳುಹಿಸಿದವರು ಯಾರೆಂದು ಪರಿಶೀಲಿಸುವ ಏರ್ಪಾಡು ಅದರ ಮೂಲರೂಪದಲ್ಲಿ ಇಲ್ಲ. ಬಾಗಿಲಿಗೆ ಬೀಗವಿಲ್ಲದಿದ್ದಾಗ ಒಳಗೆ ಕಾವಲುಗಾರನಾದರೂ ಇರಬೇಕಲ್ಲವೆ?

ಆ ಕಾವಲು ದುಬಾರಿಯಾಗಬೇಕಿಲ್ಲ. ಯಂತ್ರಗಳ ಕೆಲಸ ಬಹುಮಟ್ಟಿಗೆ ದಿನವೂ ಒಂದೇ ಬಗೆಯದು. ಕೆಲವು ವಾರಗಳ ಒತ್ತಡ, ಉಷ್ಣತೆ, ಹರಿವುಗಳ ಅಂಕಿಗಳಿಂದ ಸಹಜ ಸ್ಥಿತಿಯನ್ನು ಕಲಿತು, ಅದಕ್ಕೆ ಹೊಂದದ್ದನ್ನು ಎತ್ತಿ ತೋರುವ ಸರಳ ಯಂತ್ರಕಲಿಕೆಯ ವಿಧಾನಗಳಿವೆ. 2008ರಲ್ಲಿ ಪ್ರಕಟವಾದ 'ಐಸೊಲೇಷನ್ ಫಾರೆಸ್ಟ್' ಅಂಥದೊಂದು. ಇದಕ್ಕೆ ಸಾಧಾರಣ ಕಂಪ್ಯೂಟರ್ ಸಾಕು. ಕಾರ್ಖಾನೆಯ ಮಾಹಿತಿಯನ್ನು ಹೊರಗೆ ಕಳುಹಿಸಬೇಕಾಗಿಯೂ ಇಲ್ಲ.

ಆದರೆ ಯಾವ ಅಂಕಿಗಳನ್ನು ನಂಬಬೇಕು ಎಂಬುದೇ ಮುಖ್ಯ ಪ್ರಶ್ನೆ. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶವು ಇರಾನಿನ ನತಾಂಜ್ ಸ್ಥಾವರದ ಸೆಂಟ್ರಿಫ್ಯೂಜ್‌ಗಳನ್ನು ಕೆಡಿಸುತ್ತಲೇ, ಸಿಬ್ಬಂದಿಯ ಪರದೆಗೆ ಸಹಜ ಅಂಕಿಗಳನ್ನು ಒದಗಿಸಿತ್ತು. ನಿಯಂತ್ರಕವೇ ಸುಳ್ಳು ಹೇಳಿದಾಗ, ಅದರ ಮಾತನ್ನಷ್ಟೇ ಕೇಳುವ ಕಾವಲುಗಾರ ಏನು ಮಾಡಿಯಾನು? ಆದ್ದರಿಂದ ಮುಖ್ಯ ಮೋಟಾರುಗಳು ಎಳೆಯುವ ವಿದ್ಯುತ್ತನ್ನು ನಿಯಂತ್ರಕಕ್ಕೆ ಸಂಬಂಧವಿಲ್ಲದ ಬೇರೊಂದು ಮೀಟರಿನಿಂದ ಅಳೆದು, ಆ ಅಂಕಿಗಳನ್ನೂ ಜೊತೆಗೆ ಕೊಡಬೇಕು. ಪಂಪು ನಿಂತಿದೆಯೆಂದು ಪರದೆ ಹೇಳುತ್ತಿರುವಾಗ ಮೀಟರು ಓಡುತ್ತಿದ್ದರೆ ತಕ್ಷಣ ತನಿಖೆ ಆಗಬೇಕು. ಬೇರಿಂಗ್ ಸವೆತದಂತಹ ದೋಷಗಳ ಸುಳಿವೂ ಅದೇ ಮೀಟರಿನಿಂದ ದೊರೆಯಬಹುದಾದ್ದರಿಂದ ಈ ವೆಚ್ಚ ವ್ಯರ್ಥವಲ್ಲ.

ಎರಡು ಎಚ್ಚರಿಕೆಗಳು ಅವಶ್ಯ. ಉತ್ಪನ್ನ ಬದಲಾದಾಗ ಸಹಜ ಸ್ಥಿತಿಯನ್ನು ಹೊಸದಾಗಿ ಕಲಿಸಬೇಕು. ಇಲ್ಲವಾದರೆ ಸುಳ್ಳು ಎಚ್ಚರಿಕೆಗಳು ಹೆಚ್ಚಿ, ನಿಜವಾದದ್ದನ್ನೂ ಯಾರೂ ಲಕ್ಷಿಸರು. ಅಂತೆಯೇ ಯಂತ್ರವನ್ನು ನಿಲ್ಲಿಸುವ ಅಧಿಕಾರವನ್ನು ಈ ವ್ಯವಸ್ಥೆಗೆ ಕೊಡಬಾರದು. ಅದು ಅನುಭವಿ ಮೇಲ್ವಿಚಾರಕನದೇ ಆಗಿರಬೇಕು.

ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ನಿರ್ದೇಶಿಸಿತು. ಗಮನಕ್ಕೇ ಬಾರದುದನ್ನು ವರದಿ ಮಾಡುವುದೆಂತು? ಪ್ರತಿಯೊಬ್ಬ ಸಣ್ಣ ಉದ್ಯಮಿಯೂ ತಜ್ಞನನ್ನು ನೇಮಿಸಿಕೊಳ್ಳುವುದು ಅಸಾಧ್ಯ. ಆದರೆ ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಹತ್ತಿಪ್ಪತ್ತು ಘಟಕಗಳು ಸೇರಿ ಒಬ್ಬನ ಸೇವೆಯನ್ನು ಹಂಚಿಕೊಳ್ಳಬಹುದು. ಇಂತಹ ಸಹಕಾರಕ್ಕೆ ವಾಣಿಜ್ಯ ಸಂಸ್ಥೆಗಳು ಮುಂದಾಗುವುದು ಸೂಕ್ತ.