ಡೀಸೆಲ್ ಕುಡಿಯೋದು ಗಾಡಿ ಅಲ್ಲ, ಅಸಡ್ಡೆ

ಹಳೇ ಪಿಕಪ್ ಡೀಸೆಲ್ ಭಾಳ ಕುಡೀತೈತಿ, ಬಳೆ ಅಡ ಇಟ್ಟು ಹೊಸಾದು ತರೋಣು ಅಂತ ನಮ್ಮನ್ಯಾಗ ಮಾತು ಎದ್ದೈತಿ. ನಾನು ಬಳೆ ಬಿಚ್ಚಂಗಿಲ್ಲ.

2025ರ ಏಪ್ರಿಲ್‌ನಾಗ ರಾಜ್ಯ ಸರ್ಕಾರ ತೆರಿಗೆ ಏರಿಸಿದ ಮ್ಯಾಲೆ ಡೀಸೆಲ್ ಲೀಟರಿಗೆ 2 ರೂಪಾಯಿ ತುಟ್ಟಿ ಆತು, ಖರೆ. ಆದ್ರ ಸರ್ಕಾರನ್ನ ಬೈಯೋ ಗಂಡಸರು ಟೈರಿನ ಗಾಳಿ ಯಾವಾಗ ನೋಡ್ಯಾರ? ಗಾಳಿ ಇಳಿದ ಟೈರನ್ನ ಎಂಜಿನ್ ತಿಣುಕಿ ಎಳೀಬೇಕು. ನಮ್ಮೂರ ಭತ್ತದ ಧೂಳು ಏರ್ ಫಿಲ್ಟರ್‌ನಾಗ ತುಂಬಿದ್ರ ಅದು ಉಸಿರು ಕಟ್ಟಿ ಕರೀ ಹೊಗಿ ಬಿಡ್ತೈತಿ. ರೈಸ್ ಮಿಲ್ ಮುಂದ ಪಾಳಿ ನಿಂತಾಗ, ಇವರ ಚಾ ಮುಗಿಯೋತನಕ ಎಂಜಿನ್ ಗುಡುಗುಡು. ಬಳ್ಳಾರಿಗೆ ಲೋಡ್ ಒಯ್ದು ಖಾಲಿ ಬರೋದು ಬ್ಯಾರೆ.

ನಾವು ಖಾಲಿ ಪಾತ್ರಿ ಇಟ್ಟು ಗ್ಯಾಸ್ ಉರಿಸಿದ್ರ ಸುಮ್ಮನ ಬಿಡ್ತಾರೇನು?

ಅಕ್ಕಗಳಿರಾ, ಮದ್ಲು ಒಂದು ತಿಂಗಳು ಹಾಕಿಸಿದ ಲೀಟರ್, ಓಡಿದ ಕಿಲೋಮೀಟರ್ ಬರೆಸ್ರಿ. ಬಳೆ ಮಾತು ಆಮ್ಯಾಲೆ.