ಹುಲ್ಲಿನ ಗೋದಲಿ ಸಾಲದೇ?

ಓಝರಿನ ಚಳಿಗೆ ಹಿಮದ ಪರಿಚಯವಿಲ್ಲ. ಆದರೂ ಕ್ರಿಸ್‌ಮಸ್ ಬಂತೆಂದರೆ ಗೋದಲಿಗಳ ಮೇಲೆ ಥರ್ಮೋಕೋಲಿನ ಹಿಮ ಸುರಿಯುತ್ತದೆ. ಅಲಂಕಾರದ ಥರ್ಮೋಕೋಲನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದಲೇ ನಿಷೇಧಿಸಿದೆ. ಕಾನೂನಿಗಿಂತಲೂ ಹಬ್ಬದ ಅರ್ಥವೇ ನನಗೆ ಮುಖ್ಯವೆನಿಸುತ್ತದೆ. 1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚಿಯೋದಲ್ಲಿ ಗೋದಲಿಯನ್ನು ಅಣಿಗೊಳಿಸಿದ್ದು ಹುಲ್ಲು, ಎತ್ತು, ಕತ್ತೆಗಳಿಂದ. ಬಡತನದಲ್ಲಿ ಹುಟ್ಟಿದ ಶಿಶುವಿಗೆ ಅದೇ ಶೋಭೆ. ಗೋದಲಿಗೆಂದು ಧಾನ್ಯವನ್ನು ಮೊಳಕೆಯೊಡೆಸುವ ರೂಢಿ ನಮ್ಮ ಮಂಗಳೂರಿನ ಕಡೆಯ ಮನೆಗಳಲ್ಲಿದೆ. ಸಜ್ಜೆ ಬೆಳೆಯುವ ಈ ನಾಶಿಕ ಸೀಮೆಯಲ್ಲಿ ದಂಟು, ಸೊಪ್ಪೆಗೆ ಬರವೇ? ವಿಮಾನ ಕಾರ್ಖಾನೆಯ ಗೆಳೆಯರು ಕೆಲಸದ ಕಡೆಯ ಕೇಕು-ಚಹಾ ಕೂಟಕ್ಕೆ ಮನೆಯ ಸ್ಟೀಲಿನ ತಟ್ಟೆ, ಲೋಟಗಳನ್ನೇ ಒಯ್ಯಲಿ. ನಮ್ಮ ಸಂಘವೂ ಈ ಸಲ ಹಾಗೆಯೇ ಆಚರಿಸಲೆಂದು ನನ್ನ ವಿನಂತಿ. ಹಬ್ಬ ಮುಗಿದ ಮೇಲೆ ಗೋದಲಿಯ ಹುಲ್ಲು ದನಗಳಿಗೆ ಮೇವಾಗಲಿ, ಊರಿಗೆ ಕಸವಾಗದಿರಲಿ.