ಕೋಶಕೇಂದ್ರವು ಮರೆಯದ ವಿದ್ಯೆ

ಮಕ್ಕಳ ಅಂಕಪಟ್ಟಿಯನ್ನು ಕಂಡು ಕಳವಳಪಡುವ ತಾಯ್ತಂದೆಗಳ ಮುಂದೆ ಈ ತಿಂಗಳು ಒಬ್ಬ ವಿಜ್ಞಾನಿಯ ಚರಿತ್ರೆಯನ್ನು ಇಡಬಯಸುತ್ತೇವೆ. 1949ರಲ್ಲಿ ಇಂಗ್ಲೆಂಡಿನ ಈಟನ್ ಶಾಲೆಯಲ್ಲಿ ಜಾನ್ ಗರ್ಡನ್ ಎಂಬ ಬಾಲಕನು ಜೀವಶಾಸ್ತ್ರದಲ್ಲಿ 250 ಹುಡುಗರ ಪೈಕಿ ಕಟ್ಟಕಡೆಯವನಾದನು. ಇವನು ವಿಜ್ಞಾನಿಯಾಗಬಯಸುವುದು ಹಾಸ್ಯಾಸ್ಪದವೆಂದು ಉಪಾಧ್ಯಾಯರು ಬರೆದರು. ಅವನನ್ನು ಗ್ರೀಕ್, ಲ್ಯಾಟಿನ್ ಭಾಷೆಗಳ ವ್ಯಾಸಂಗಕ್ಕೆ ಹಚ್ಚಿದರು. ಆದರೂ ಆತನು ಆಕ್ಸ್‌ಫರ್ಡಿನಲ್ಲಿ ಪ್ರಾಣಿಶಾಸ್ತ್ರವನ್ನೇ ಹಿಡಿದನು.

ನಮ್ಮ ದೇಹವು ಅಸಂಖ್ಯಾತ ಜೀವಕೋಶಗಳಿಂದಾದುದು. ಬಹುತೇಕ ಎಲ್ಲ ಕೋಶಗಳೊಳಗೂ ಒಂದು ಕೇಂದ್ರವಿರುವುದು. ದೇಹವನ್ನು ಕಟ್ಟುವ ವಿದ್ಯೆಯೆಲ್ಲ ಅಡಗಿರುವುದು ಅಲ್ಲಿಯೇ. ಒಂದೇ ಅಂಡದಿಂದ ಹುಟ್ಟಿದ ಕೋಶಗಳಲ್ಲಿ ಕೆಲವು ಚರ್ಮವಾಗುವುವು, ಕೆಲವು ಕರುಳಾಗುವುವು. ಹಾಗಾದರೆ ಕರುಳಾದ ಕೋಶದ ಕೇಂದ್ರವು ಮಿಕ್ಕ ವಿದ್ಯೆಯನ್ನು ಕಳೆದುಕೊಂಡಿತೆ, ಅಥವಾ ಒಳಗೇ ಬಚ್ಚಿಟ್ಟುಕೊಂಡಿತೆ? ಕಳೆದುಕೊಂಡಿತೆಂದೇ ಅಂದಿನ ಅನೇಕ ಪಂಡಿತರ ಊಹೆ.

ಗರ್ಡನ್ನರು ಆಫ್ರಿಕಾದ ಕಪ್ಪೆಯೊಂದರ ಅಂಡದ ಕೇಂದ್ರವನ್ನು ಅತಿನೇರಳೆ ಕಿರಣಗಳಿಂದ ನಾಶಪಡಿಸಿ, ಅದರೊಳಕ್ಕೆ ಗೊದಮೊಟ್ಟೆಯ ಕರುಳಿನ ಕೋಶದ ಕೇಂದ್ರವನ್ನು ಅತಿಸೂಕ್ಷ್ಮವಾದ ಗಾಜಿನ ನಳಿಕೆಯಿಂದ ಸೇರಿಸಿದರು. ಫಲವನ್ನು 1962ರಲ್ಲಿ ಪ್ರಕಟಿಸಿದರು: 726 ಪ್ರಯತ್ನಗಳಲ್ಲಿ ಆಹಾರ ತಿನ್ನುವಷ್ಟು ಚೆನ್ನಾಗಿ ಬೆಳೆದ ಗೊದಮೊಟ್ಟೆಗಳು 10 ಮಾತ್ರ. ಇಷ್ಟೆಯೇ ಎಂದು ವಾಚಕರು ಕೇಳಬಹುದು. ಆ ಹತ್ತೇ ಸಾಕಾದುವು. ಕರುಳಿನ ಕೋಶಕೇಂದ್ರವು ಕಣ್ಣು, ಮೆದುಳು, ಬಾಲಗಳನ್ನೆಲ್ಲ ಮತ್ತೆ ಕಟ್ಟಿದುದರಿಂದ, ಅದು ಏನನ್ನೂ ಮರೆತಿರಲಿಲ್ಲವೆಂದು ಸಿದ್ಧವಾಯಿತು. ಆದರೂ ಸಂಶಯಪಟ್ಟವರು ಹಲವರಿದ್ದರು.

ಗರ್ಡನ್ನರು 1983ರಲ್ಲಿ ಕೇಂಬ್ರಿಜ್‌ನಲ್ಲಿ ಜೀವಕೋಶಶಾಸ್ತ್ರದ ಪ್ರಾಧ್ಯಾಪಕರಾದರು. ಅವರು ತೆರೆದ ದಾರಿಯಲ್ಲಿಯೇ 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಡಾಲಿ ಎಂಬ ಕುರಿಮರಿ ಹುಟ್ಟಿತು. 2006ರಲ್ಲಿ ಜಪಾನಿನ ಯಮನಕರು ಇಲಿಯ ಚರ್ಮದ ಕೋಶಗಳನ್ನು ಭ್ರೂಣಕೋಶಗಳಂತೆ ಎಳೆಯದಾಗಿಸಿದರು. 2012ರಲ್ಲಿ, ಆ ಲೇಖನದ ಐವತ್ತನೆಯ ವರ್ಷ, ಇಬ್ಬರಿಗೂ ಕೂಡಿ ನೊಬೆಲ್ ಬಹುಮಾನ ದೊರೆಯಿತು. ಅಷ್ಟು ವರ್ಷಗಳೂ ಕೈಬಿಡದೆ ಕೋಶಕೇಂದ್ರದ ಅಭ್ಯಾಸವನ್ನೇ ನಡೆಸಿದ ಗರ್ಡನ್ನರು, 2025ರ ಅಕ್ಟೋಬರಿನಲ್ಲಿ 92ನೆಯ ವಯಸ್ಸಿನಲ್ಲಿ ತೀರಿಕೊಂಡರು. ಉಪಾಧ್ಯಾಯರ ಆ ವರದಿಗೆ ಅವರು ಕಟ್ಟು ಹಾಕಿಸಿ, ತಮ್ಮ ಮೇಜಿನ ಮೇಲ್ಗಡೆ ತೂಗುಹಾಕಿಕೊಂಡಿದ್ದರು.

ಅಂಕ ಕಡಮೆಯಾದವರೆಲ್ಲ ಗರ್ಡನ್ನರಾಗುವರೆಂದು ನಾವು ಹೇಳಲಾರೆವು. ಆದರೆ ಕರುಳಿನ ಒಂದು ಕಣವೇ ಇಷ್ಟು ವಿದ್ಯೆಯನ್ನು ಒಳಗಿರಿಸಿಕೊಂಡು ತಕ್ಕ ನೆಲೆಗಾಗಿ ಕಾದಿರುವಾಗ, ಹದಿನೈದು ವರ್ಷದ ಮಗುವಿನ ವಿಷಯದಲ್ಲಿ ಕಡೆಯ ತೀರ್ಪನ್ನು ಬರೆಯುವ ಮುನ್ನ ಹಿರಿಯರು ಲೇಖನಿಯನ್ನು ತುಸು ತಡೆಹಿಡಿಯುವುದು ಒಳ್ಳೆಯದು.